ಟರ್ಬೋ ಅಂದ್ರ ಝಂಪರ್ ಅಲ್ಲ, ಕುಕ್ಕರ್

ಮೊನ್ನೆ ರವಿವಾರ ಬೆಳಗಾವಿ ವೈನಿ ನಮ್ಮ ಮನಿತನದ ವಾಟ್ಸಾಪ್ ಗುಂಪಿನೊಳಗ ಮೂರು ನಿಮಿಷದ ವಾಯ್ಸ್ ಮೆಸೇಜ್ ಹಾಕಿದ್ರು. ಅದರ ಸಾರಾಂಶ ಇಷ್ಟ: "ಪ್ಯಾಕೆಟ್ ಮಸಾಲಿ ಮುಟ್ಟಬ್ಯಾಡ್ರಿ, ಮನ್ಯಾಗ ಕುಟ್ರಿ ಅಂತ ನಮಗೆಲ್ಲಾ ಬರದು ಬರದು ಹೇಳಾಕಿ, ರೆಡಿಮೇಡ್ ಝಂಪರ್ ತೊಟ್ಟವರನ್ನ ನೋಡಿ ಮುಖಾ ಸಿಂಡರಿಸಾಕಿ, ಅಮೇರಿಕಾಕ್ಕ ಹೋಗಿ ಮಗನ ಮುಂದ 'ರೆಡಿ ಸಾಮಾನ ತೊಗೊ, ಮಾಡಿಸಿದ್ದು ಬ್ಯಾಡ' ಅಂತ ಹೇಳಿ ಬಂದಾಳಂತ. ಯಾವ ಮಾತು ಖರೇ ಹೇಳವಾ?"

ಅದರ ಕೆಳಗ ಹುಬ್ಬಳ್ಳಿ ಮಾಮಾ ಒಂದ ಸಾಲು ಬರದ್ರು: "ಗಾಡಿ ವಿಷಯದಾಗ ಹೆಂಗಸರು ಬಾಯಿ ಹಾಕಬಾರದು." ಅದಕ್ಕ ಮೂರು ಮಂದಿ ಹೆಬ್ಬಟ್ಟು ತೋರ್ಸಿದ್ರು. ಯಾರ್ಯಾರು ಅಂತ ನನಗ ನೆನಪದ.

ವೈನಿಯವರ ಪ್ರಶ್ನೆ ಛಲೋ ಅದ, ಅದಕ್ಕ ಸಮಾಧಾನದಿಂದ ಉತ್ತರಾ ಹೇಳ್ತೀನಿ. ಮಾಮಾಗೂ ಹೇಳ್ತೀನಿ, ಆದ್ರ ಕಡೀಕ. ಅಲ್ಲೀತನಾ ಚಹಾ ಮಾಡ್ಕೊಂಡು ಬಂದು ಕೂಡ್ರಿ.

ಸಂಗತಿ ಗೊತ್ತಿಲ್ಲದವ್ರಿಗೆ ಮೊದಲ ಅದನ್ನ ಹೇಳ್ತೀನಿ. ನಮ್ಮ ಮಗಾ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯೊಳಗ ಇರ್ತಾನ. ಅವನ ಹತ್ರ ಜಪಾನಿನ ಮಾಜ್ದಾ ಕಂಪನಿಯ ಮಿಯಾಟಾ ಅನ್ನೋ ಕೆಂಪು ಕಾರು ಅದ. 2001ನೇ ಇಸವಿದು, ಲಗ್ನಕ್ಕಿಂತ ಮೊದಲ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಎರಡ ಸೀಟು. ಮ್ಯಾಲಿನ ಛಾವಣಿ ಮಡಚಿ ಹಿಂದ ಹಾಕ್ಲಿಕ್ಕೆ ಬರ್ತದ. ಅದರಾಗ ಕೂತ್ರ ನೆಲದ ಮ್ಯಾಲೆ ಚಾಪಿ ಹಾಸ್ಕೊಂಡು ಕೂತಂಗ ಆಗ್ತದ, ಏಳಬೇಕಂದ್ರ ಯಾರರ ಕೈ ಹಿಡದು ಜಗ್ಗಬೇಕು. ಇದಕ್ಕ ಸ್ಪೋರ್ಟ್ಸ್ ಕಾರು ಅಂತಾರ. 1.8 ಲೀಟರಿನ ಎಂಜಿನ್, 142 ಹಾರ್ಸ್‌ಪವರ್. ಕಾರಿನ ತೂಕ ಒಂದು ಸಾವಿರ ಕಿಲೋಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟ. ಹಗೂರ ಗಾಡಿ, ಆ ಶಕ್ತಿ ಅದಕ್ಕ ಸಾಕು ಅಂತ ನನ್ನ ಅಭಿಪ್ರಾಯ. ಆದ್ರ ಅಂವಗ ಸಾಲೂದಿಲ್ಲ. "ಆಯಿ, ಇದಕ್ಕ ಟರ್ಬೋ ಹಾಕಸ್ತೀನಿ" ಅಂತ ನಾ ಹೋದ ಎರಡನೇ ವಾರದಾಗನ ಶುರು ಮಾಡ್ದಾ. ಆರು ತಿಂಗಳು ಅವರ ಊಟದ ಟೇಬಲ್ಲಿಗೆ ಕೂತು ಕೇಳಿದ್ದೊಂದ ಟರ್ಬೋ ಪುರಾಣ. ಕೇಳಿ ಕೇಳಿ ನನಗೂ ತಿಳೀಲಿಕ್ಕೆ ಹತ್ತು. ತಿಳದಷ್ಟು ನಿಮಗೂ ಹೇಳ್ತೀನಿ.

ಕಟ್ಟಿಗಿ ಒಲಿ ನೆನಪದ ಹೌದಲ್ಲೋ? ಊದುಗೊಳವಿಯಿಂದ ಊದಿದ್ರ ಉರಿ ಭಗ್ ಅಂತ ಏಳತಿತ್ತು. ಟರ್ಬೋ ಅಂದ್ರ ಎಂಜಿನ್ನಿನ ಊದುಗೊಳವಿ. ಸೈಲೆನ್ಸರಿಗೆ ಹೋಗೋ ಬಿಸಿ ಹೊಗಿ ಸುಮ್ನ ಹೊರಗ ಹೋಗ್ತದಲ್ಲಾ, ಅದರ ದಾರಿಗೆ ಒಂದು ಸಣ್ಣ ಚಕ್ರಾ ಇಡ್ತಾರ. ಹೊಗಿ ಹೊಡತಕ್ಕ ಅದು ತಿರಗ್ತದ. ಅದರ ದಂಡಿಗೇ ಆಚೀ ಕಡೆ ಇನ್ನೊಂದು ಚಕ್ರಾ, ಅದು ಹೊರಗಿನ ಗಾಳಿ ಒತ್ತಿ ಒತ್ತಿ ಎಂಜಿನ್ನಿನೊಳಗ ತುಂಬತದ. ಈ ಯುಕ್ತಿ ಹೊಸಾದಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಎಂಜಿನಿಯರ್ 1905ರಾಗನ ಪೇಟೆಂಟ್ ತೊಗೊಂಡಿದ್ದಾ. ಆದ್ರ ಆ ಚಕ್ರಾ ನಿಮಿಷಕ್ಕ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರಗ್ತದ. ಅದಕ್ಕ ಬಡಿಯೋ ಹೊಗಿ 800-900 ಡಿಗ್ರಿ ಬಿಸಿ. ನಮ್ಮ ರೊಟ್ಟಿ ಹಂಚು ಇದರ ಮುಂದ ಏನೂ ಅಲ್ಲ.

ಊದೂದ್ರಾಗ ಒಂದು ಗುಟ್ಟದ. ಗಾಳಿ ಹೆಚ್ಚಾದ್ರ ಕಟ್ಟಿಗಿನೂ ಹೆಚ್ಚ ಹಾಕಬೇಕು. ಪೆಟ್ರೋಲ್ ಪೂರ್ತಿ ಉರೀಬೇಕಂದ್ರ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಟರ್ಬೋ ಒತ್ತೋ ಹೊತ್ತಿನ್ಯಾಗ ಅದಕ್ಕಿಂತ ಸ್ವಲ್ಪ ಜಾಸ್ತೀನ ಪೆಟ್ರೋಲ್ ಕೊಡಬೇಕು, ಒಳಗ ತಂಪಿರ್ಲಿ ಅಂತ. ಇದು ತಪ್ಪಿದ್ರ, ಇಲ್ಲಾ ಕಿಡಿ ಬೀಳೋ ಹೊತ್ತು ತಪ್ಪಿದ್ರ, ಉಳದ ಗಾಳಿ-ಪೆಟ್ರೋಲ್ ಮಿಶ್ರಣ ತಾನ ತಾನ ಹೊತ್ತಿಕೋತದ. ಪಿಸ್ಟನ್ನಿನ ತಲಿಮ್ಯಾಲೆ ಸುತ್ತಿಗಿ ಹೊಡದಂಗ. ಅದಕ್ಕ ನಾಕ್ ಅಂತಾರ. ನಾಲ್ಕು ಏಟು ತಡೀಬಹುದು, ನಲವತ್ತು ತಡಿಯೂದಿಲ್ಲ. ಎಂಜಿನ್ ಹೋತು ಅಂದ್ರ ಹೋತು.

ಇದನ್ನ ಹಾಕ್ಸಲಿಕ್ಕೆ ಎರಡು ದಾರಿ. ಒಂದನೇದು ಬೋಲ್ಟ್-ಆನ್ ಕಿಟ್. ನಿಮ್ಮ ಕಾರು ಯಾವುದು, ಯಾವ ಇಸವಿದು ಅಂತ ಹೇಳಿದ್ರ ಅದಕ್ಕ ಅಂತನ ಮಾಡಿದ ಟರ್ಬೋ, ಕೊಳವಿಗಳು, ಎಣ್ಣಿ ಹೋಗೋ ಬರೋ ದಾರಿ, ಗಾಳಿ ತಂಪು ಮಾಡೋ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರು, ಎಲ್ಲಾ ಡಬ್ಬ್ಯಾಗ ಬರ್ತದ. ಇದ್ದ ತೂತಿಗೆ ಬೋಲ್ಟು ಬಿಗದು ಕೂಡಸೋದು. ಎರಡನೇದು ಕಸ್ಟಮ್. ಟರ್ಬೋ ಒಂದು ಕಡೆ ತೊಗೊಂಡು, ಕೊಳವಿ ನಿಮ್ಮ ಕಾರಿನ ಅಳತಿಗೆ ಬೆಸಿಗಿ ಹಾಕಿಸಿ, ಕಂಪ್ಯೂಟರಿನ ಲೆಕ್ಕಾ ಇನ್ನೊಬ್ಬರ ಕಡಿಂದ ಬರಸಿ, ಒಂದ ಒಂದು ಕಾರಿನ ಸಲುವಾಗಿ ಮಾಡಿಸೋದು.

ನಮ್ಮ ಹುಡುಗನ ಮನಸು ಎರಡನೇದಕ್ಕ ಎಳೀತಿತ್ತು. ಯಾಕ ಗೊತ್ತದೇನು? ನನ್ನ ಮಾತನ್ನ ನನಗ ತಿರುಗಿ ಹೇಳ್ದಾ: "ಆಯಿ, ನೀನ ಹೇಳ್ತೀಯಲ್ಲಾ, ರೆಡಿಮೇಡ್ ಝಂಪರ್ ಎಲ್ಲಾರಿಗೂ ಕೂಡ್ತದ, ಯಾರಿಗೂ ಸರಿ ಕೂಡೂದಿಲ್ಲ ಅಂತ. ಕಿಟ್ ಅಂದ್ರ ರೆಡಿಮೇಡ್ ಝಂಪರ್. ಕಸ್ಟಮ್ ಅಂದ್ರ ಹೊಲಿಸಿದ್ದು."

ಬೆಳಗಾವಿ ವೈನೀ, ಇಲ್ಲೇ ನೀವೂ ಅವನೂ ಒಂದ ತಪ್ಪು ಮಾಡೀರಿ. ಝಂಪರ್ ಹೊಲಸೋದು ಯಾಕ ಛಲೋ? ಅಳತಿ ಸರಿ ಕೂಡ್ತದ ಅಂತಷ್ಟ ಅಲ್ಲ. ನಮ್ಮ ಮಾಳಮಡ್ಡಿ ಶಿಂಪಿಗ್ಯಾ ಮೂರನೇ ಓಣಿಯೊಳಗ ಕೂತಿರ್ತಾನ. ಕಂಕುಳಾಗ ಬಿಗಿ ಆದ್ರ ಸಂಜೀಕ ಹೋಗಿ ಅವನ ಮುಂದ ಒಗದು ಬರ್ತೀನಿ. ಒಳಗ ಒಂದು ಬಟ್ಟು ಬಟ್ಟಿ ಬಿಟ್ಟಿರ್ತಾನ, ಹೊಲಿಗಿ ಬಿಚ್ಚಿ ಸಡ್ಲ ಮಾಡಿ ಕೊಡ್ತಾನ. ಅಗದೀ ಕೆಟ್ಟ್ರ ಹೋಗೋದು ಮುಕ್ಕಾಲು ಮೀಟರ್ ಬಟ್ಟಿ. ಮಸಾಲಿನೂ ಹಂಗ. ಬ್ಯಾಡಗಿ ಮೆಣಸಿನಕಾಯಿ ನಾನ ಆರಸ್ತೀನಿ, ನಾನ ಹುರೀತೀನಿ, ನಾಲಿಗಿ ಮ್ಯಾಲೆ ಇಟ್ಟು ನಾನ ನೋಡ್ತೀನಿ. ತಪ್ಪಿದ್ರ ಪಾವ್ ಕಿಲೋ ಖಾರ ಹೋತು, ಬೈಗುಳ ತಿನ್ನಾಕಿ ನಾನ.

ಅಂದ್ರ ನಾ ಇಷ್ಟು ವರ್ಷ ಹೇಳಿಕೋತ ಬಂದಿದ್ದು "ಕೈಲೆ ಮಾಡಿದ್ದೆಲ್ಲಾ ಛಲೋ" ಅಂತಲ್ಲ. "ಮಾಡಿದಾಂವ ಕೈಗೆ ಸಿಗಬೇಕು, ತಪ್ಪಿದ್ರ ತಿದ್ದಲಿಕ್ಕೆ ಬರಬೇಕು, ತಪ್ಪಿನ ಕಿಮ್ಮತ್ತು ತಡಿಯೋವಂಥಾದ್ದಿರಬೇಕು" ಅಂತ. ಈ ಮೂರೂ ಇದ್ದಲ್ಲೆ ಮಾಡಸ್ರಿ. ಇಲ್ಲದಲ್ಲೆ ಪರೀಕ್ಷೆ ಆಗಿ ಬಂದದ್ದನ್ನ ತೊಗೊಳ್ರಿ. ಮಸಾಲಿ ಕುಟ್ಟೂದೂ ಇದ ಮಾತಿನಿಂದ ಬಂದದ, ಕಿಟ್ ತೊಗೊ ಅಂದದ್ದೂ ಇದ ಮಾತಿನಿಂದ ಬಂದದ.

ಈಗ ನಿಮ್ಮ ಒಲಿಕಟ್ಟಿ ಮ್ಯಾಲಿನ ಕುಕ್ಕರ್ ನೋಡ್ರಿ. ನಾ ಎಷ್ಟ ಸ್ವದೇಶೀ, ಎಷ್ಟ ಕೈಕೆಲಸದ ಅಭಿಮಾನಿ ಇದ್ರೂ, ಬೆಸಿಗಿ ಹಾಕೋ ಅಂಗಡಿಗೆ ಹೋಗಿ "ನನ್ನ ಬ್ಯಾಳಿ ಅಳತಿಗೆ ಒಂದು ಕುಕ್ಕರ್ ಬಡದು ಕೊಡಪಾ" ಅಂತ ಕೇಳೂದಿಲ್ಲ. ನೀವೂ ಕೇಳೂದಿಲ್ಲ. ಒಳಗ ಒತ್ತಡ ಅದ. ಸೀಟಿ ಏಳಬೇಕಾದಾಗ ಏಳಬೇಕು, ಅದು ಕಟ್ಟಿದ್ರ ಸೇಫ್ಟಿ ವಾಲ್ವ್ ಹಾರಬೇಕು. ನಮ್ಮ ದೇಶದಾಗ ಮನಿ ಬಳಕಿ ಕುಕ್ಕರಿಗೆ ಐ.ಎಸ್.ಐ. ಗುರ್ತು 2021ರ ಫೆಬ್ರುವರಿಯಿಂದ ಕಡ್ಡಾಯ ಆಗೇದ. ಅದು ಸುಮ್ನ ಛಾಪಾ ಅಲ್ಲ. ಈ ಭಾಂಡೆ ಒತ್ತಡಕ್ಕ ಇಟ್ಟು ನೋಡೇವಿ, ಸಿಡಿಯೂದಿಲ್ಲ ಅಂತ ಯಾರೋ ಹೊಣಿ ಹೊತ್ತಾರ ಅಂತ ಅದರ ಅರ್ಥ.

ಟರ್ಬೋದಾಗೂ ಒತ್ತಡನ ಇರೋದು. ಕುಕ್ಕರಿಗೆ ಸೀಟಿ ಇದ್ದಂಗ ಅದಕ್ಕ ವೇಸ್ಟ್‌ಗೇಟ್ ಅಂತ ಒಂದು ಬಾಗಲಾ ಇರ್ತದ. ಒತ್ತಡ ಲೆಕ್ಕಕ್ಕಿಂತ ಹೆಚ್ಚಾದ್ರ ಹೊಗೀನ ಚಕ್ರದಿಂದ ಪಕ್ಕಕ್ಕ ಬಿಡ್ತದ. ಅದು ಎಷ್ಟಕ್ಕ ತಗೀಬೇಕು, ಎಷ್ಟು ಪೆಟ್ರೋಲ್ ಹೋಗಬೇಕು, ಕಿಡಿ ಯಾವಾಗ ಬೀಳಬೇಕು ಅನ್ನೋದನ್ನ ಛಲೋ ಕಿಟ್ ಮಾಡೋವ್ರು ಅದ ಜಾತಿ ಎಂಜಿನ್ನಿನ ಮ್ಯಾಲೆ ಮತ್ತ ಮತ್ತ ಓಡಿಸಿ ನೋಡಿರ್ತಾರ. ಕಿಟ್ಟಿನ ರೊಕ್ಕ ಕಬ್ಬಣಕ್ಕ ಅಲ್ಲ ನಮ್ಮವ್ವಾ, ನಮಗಿಂತ ಮೊದಲ ಯಾರೋ ಕೆಡಿಸಿಕೊಂಡ ಎಂಜಿನ್ನಿಗೆ. ಕಸ್ಟಮ್ ಅಂದ್ರ ಆ ಕೆಡೂ ಪಾಳಿ ನಿಮ್ಮ ಎಂಜಿನ್ನಿಗೆ ಬರ್ತದ.

"ಕಂಪನಿಯವ್ರು ಹೆದರಸ್ತಾರ, ಎಂಜಿನ್ ಇದರ ಎರಡು ಪಟ್ಟು ತಡೀತದ" ಅಂತ ಹುಡುಗೂರು ಅಂತಾರ. ಹಂಗಾರ ಮಾಜ್ದಾ ಕಂಪನಿ ಏನು ಮಾಡ್ತು ನೋಡ್ರಿ. 2004 ಮತ್ತು 2005ರಾಗ ಇದ ಮಿಯಾಟಾಕ್ಕ ತಾನ ಟರ್ಬೋ ಹಚ್ಚಿ, ಮಾಜ್ದಾಸ್ಪೀಡ್ ಅನ್ನೋ ಹೆಸರಿನ್ಯಾಗ ಮಾರಿತ್ತು. ಎಂಜಿನ್ ಮಾಡಿದವ್ರು ಅವ್ರ, ಪ್ರಯೋಗಶಾಲಾ ಅವರದ, ಎಂಜಿನಿಯರು ಅವರ ಮನಿಯವ್ರ. ಅಷ್ಟಿದ್ದೂ ಎಷ್ಟ ಏರಿಸಿದ್ರು? 142 ಇದ್ದದ್ದು 178 ಮಾಡಿದ್ರು. ಬರೇ 36 ಹೆಚ್ಚು. ಅದಕ್ಕೂ ಸುಮ್ನ ಟರ್ಬೋ ತಂದು ಅಂಟಸಲಿಲ್ಲ. ಎಂಜಿನ್ ಗಾಳಿ ಹಿಂಡೋ ಪ್ರಮಾಣ 10ರಿಂದ 9.5ಕ್ಕ ಇಳಿಸಿದ್ರು, ಇಂಟರ್‌ಕೂಲರ್ ಹಾಕಿದ್ರು, ಕ್ಲಚ್ಚು ಗಟ್ಟಿ ಮಾಡಿದ್ರು, ಸಸ್ಪೆನ್ಶನ್ ಬದಲಿ ಮಾಡಿದ್ರು. ಹುಟ್ಟಿಸಿದ ತಾಯಿನ 36 ಸಾಕು ಅಂತಿರಬೇಕಾದ್ರ, ಓಣಿ ತುದಿ ಗ್ಯಾರೇಜಿನಾಂವ "ನಾ 120 ಏರಸ್ತೀನಿ, ಏನೂ ಆಗೂದಿಲ್ಲ" ಅಂದ್ರ ಅವನ ಮುಖಾ ನೋಡಬೇಕೋ, ಕೈ ನೋಡಬೇಕೋ?

ಕಿಟ್ಟಿಗೆ ಮಗಾ ಹಾಕಿದ ಲೆಕ್ಕ ಸುಮಾರು 5,000 ಡಾಲರ್. ಅದರ ಮ್ಯಾಲೆ ಕ್ಲಚ್ಚು, ರೇಡಿಯೇಟರ್, ಡೈನೋ ಯಂತ್ರದ ಮ್ಯಾಲೆ ಕಾರು ಕಟ್ಟಿ ಲೆಕ್ಕಾ ಸರಿ ಮಾಡ್ಸೋದು, ಎಲ್ಲಾ ಕೂಡಿ 7,500ಕ್ಕ ಬಂತು. ಕಸ್ಟಮ್ ಮಾಡೋ ಗ್ಯಾರೇಜಿನಾಂವ ಹೇಳಿದ್ದು "6,500ರ ಸುಮಾರು." ನಮ್ಮ ಹುಡುಗ ಅದನ್ನ ಸೋವಿ ಅಂತ ಓದಿದಾ. ನಾ ಓದಿದ್ದು "ಸುಮಾರು" ಅನ್ನೋ ಶಬ್ದ. ಮನಿ ಕಟ್ಟಿಸಿದವ್ರಿಗೆ ಆ ಶಬ್ದದ ಬೆಲಿ ಗೊತ್ತು. ನಮ್ಮ ಅಡಗಿ ಮನಿ ಕಟ್ಟಿ "ಸುಮಾರು" ಎಂಟು ದಿವಸದ ಕೆಲಸ ಅಂದಿದ್ರು, ಶ್ರಾವಣಕ್ಕ ಶುರು ಆಗಿದ್ದು ದೀಪಾವಳಿ ಫರಾಳಾ ಮಾಡೋ ಮುಂದೂ ಮುಗದಿರಲಿಲ್ಲ.

ಮಗನ ಗೆಳೆಯಾ ಒಬ್ಬಾಂವ ಅಲ್ಲೇ ಇದ್ದಾನ, ನಮ್ಮ ಕಡಿಯಾಂವನ. ಅಂವ ತನ್ನ ಕಾರಿಗೆ ಕಸ್ಟಮ್ ಟರ್ಬೋ ಮಾಡಿಸಿದಾ. ಮೊದಲ ನಾಲ್ಕು ತಿಂಗಳು ಭಾಳ ಮಜಾ. ಆಮ್ಯಾಲೆ ಬೆಸಿಗಿ ಹಾಕಿದ ಕೊಳವಿ ಸೀಳಿತು. ದಿನಾ ಕೆಂಪಗ ಕಾಯಿಸಿ ಮತ್ತ ಆರಿಸಿದ್ರ ತೆಳು ಕೊಳವಿ ಬೆಸಿಗಿ ಹತ್ರನ ಬಿರಿಯೂದು ಸಹಜ. ಬೆಸಿಗಿ ಹಾಕಿದಾಂವ "ಕಂಪ್ಯೂಟರಿನ ಲೆಕ್ಕ ತಪ್ಪದ, ಅದಕ್ಕ ಬಿಸಿ ಹೆಚ್ಚಾಗೇದ" ಅಂದಾ. ಲೆಕ್ಕಾ ಬರದಾಂವ "ಬೆಸಿಗಿ ಕಚ್ಚಾ ಅದ" ಅಂದಾ. ಇಬ್ಬರ ನಡುವ ಕಾರು ಹದಿನಾಲ್ಕು ತಿಂಗಳು ಗ್ಯಾರೇಜಿನ್ಯಾಗ ಕೂತ್ತು. ಅಳತಿ ಚೀಟಿ ಇಲ್ಲ, ಚಿತ್ರ ಇಲ್ಲ, ಯಾವ ಸಾಮಾನಿಗೂ ನಂಬರಿಲ್ಲ, ಹಿಂಗಾಗಿ ಮೂರನೇಯಾಂವ ಮುಟ್ಟಲಿಕ್ಕೂ ಒಪ್ಪಲಿಲ್ಲ. ಕಿಟ್ಟಿನ ಕೊಳವಿ ಸೀಳಿದ್ರ ನಂಬರ್ ಹೇಳಿ ಇನ್ನೊಂದು ತರಸಬಹುದಿತ್ತು. ನಾವು ಅವರ ಮನಿಗೆ ಊಟಕ್ಕ ಹೋದಾಗ ಅವನ ಹೆಂಡತಿ ಅಡಗಿ ಮನ್ಯಾಗ ನನ್ನ ಹತ್ರ ಹಗೂರ್ಕ ಹೇಳಿದ್ಲು: "ಮಾಮಿ, ಆ ಕಾರು ನಮ್ಮ ಮನ್ಯಾಗ ಮೂರನೇ ಕೂಸು. ತಿನ್ನೂದು ಮಾತ್ರ ಮಾಡ್ತದ." ನಕ್ಕೊಂತನ ಹೇಳಿದ್ಲು. ಆದ್ರ ಆ ಹದಿನಾಲ್ಕು ತಿಂಗಳಾಗ ಅಕಿ ಊರಿಗೆ ಬಂದಿರಲಿಲ್ಲ, ಟಿಕೀಟಿನ ರೊಕ್ಕ ಅದರಾಗ ಹೋಗಿತ್ತು.

ಇನ್ನ ಕ್ಯಾಲಿಫೋರ್ನಿಯಾದ ಕಾಯ್ದೆ. ಅಲ್ಲೆ ಹೊಗಿ ವಿಷಯದಾಗ ಭಾಳ ಕಟ್ಟುನಿಟ್ಟು. ಇಂಥಾ ಹಳೇ ಕಾರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ ಆಗಬೇಕು, ಪಾಸಾಗದಿದ್ರ ರಿಜಿಸ್ಟ್ರೇಶನ್ ಮುಂದುವರಿಯೂದಿಲ್ಲ. ಪರೀಕ್ಷೆ ಮಾಡೋವ್ರು ಹೊಗಿ ಅಷ್ಟ ಅಲ್ಲ, ಬಾನೆಟ್ ತಗದು ಕಣ್ಣಿಲೆ ನೋಡ್ತಾರ. ಕಂಪನಿ ಹಚ್ಚದ ಟರ್ಬೋ ಕಂಡ್ರ ಕೇಳೂದು ಒಂದ: ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಎಕ್ಸಿಕ್ಯುಟಿವ್ ಆರ್ಡರ್ ನಂಬರ್ ಎಲ್ಲೆ? ಆ ನಂಬರ್ ಈ ಮಾಡೆಲ್ಲಿಗೆ, ಈ ಇಸವಿಗೆ ಅನ್ವಯ ಆಗ್ತದೇನು? 2021ರ ಜುಲೈಯಿಂದ ಕಾರಿನ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿ ಮಾಡ್ಯಾರೇನು ಅಂತ ಸೈತ ನೋಡ್ಲಿಕ್ಕತ್ತಾರ. ಆ ನಂಬರ್ ಅಂದ್ರ ಕುಕ್ಕರಿನ ಐ.ಎಸ್.ಐ. ಗುರ್ತು ಇದ್ದಂಗ. ಒಂದ ಒಂದು ಕಾರಿಗೆ ಬಡದು ಕೂಡಿಸಿದ ಕೊಳವಿಗೆ ಅದು ಎಲ್ಲಿಂದ ಬರಬೇಕು?

ಈಗ ನನ್ನ ಕಡೆಯ ತಪ್ಪೂ ಹೇಳಿಬಿಡ್ತೀನಿ, ಇಲ್ಲಾಂದ್ರ ಕಿಟ್ ಮಾರೋವ್ರ ಏಜೆಂಟ್ ಆಗ್ಯಾಳ ಅಂತೀರಿ. ಬೋಲ್ಟ್-ಆನ್ ಅನ್ನೋ ಹೆಸರ ಅರ್ಧ ಸುಳ್ಳು. ಎರಡು ನಿಮಿಷದ ನೂಡಲ್ಸ್ ಎರಡು ನಿಮಿಷದಾಗ ಎಂದರ ಆಗ್ಯಾವೇನು? ಭಾಳ ಕಿಟ್ಟುಗಳಾಗ ಎಂಜಿನ್ನಿನ ಬುಡದ ಎಣ್ಣಿ ಡಬ್ಬಿಗೆ ತೂತು ಕೊರೀಬೇಕಾಗ್ತದ, ಟರ್ಬೋದ ಎಣ್ಣಿ ತಿರುಗಿ ಬರಲಿಕ್ಕೆ. ಕಂಪ್ಯೂಟರಿನ ಲೆಕ್ಕಾ ಡಬ್ಬ್ಯಾಗ ಬಂದಿದ್ರೂ ಒಮ್ಮೆ ಅದ ಕಾರಿನ ಮ್ಯಾಲೆ ನೋಡಿಸಬೇಕು. ಇನ್ನ, ಕಿಟ್ ಅಂತ ಕರದಿದ್ದೆಲ್ಲಾ ಕಿಟ್ ಅಲ್ಲ. ಇಂಟರ್ನೆಟ್ಟಿನ್ಯಾಗ 800 ಡಾಲರಿಗೆ ಹೆಸರಿಲ್ಲದ ಟರ್ಬೋ, ಹತ್ತಾರು ಕೊಳವಿ ಒಂದು ಡಬ್ಬ್ಯಾಗ ತುಂಬಿ "ಎಲ್ಲಾ ಕಾರಿಗೂ ಕೂಡ್ತದ" ಅಂತ ಬರದಿದ್ದನ್ನೂ ಮಗಾ ತೋರಿಸಿದಾ. ಎಲ್ಲಾ ಭಾಂಡೇಕ್ಕೂ ಕೂಡೋ ಮುಚ್ಚಳಾ ನಾ ಇನ್ನೂ ನೋಡಿಲ್ಲ. ಛಲೋ ಹೆಸರಿನ ಕಿಟ್ಟಿನ ಪುಟದಾಗ ಸೈತ ತಳಕ್ಕ ಸಣ್ಣ ಅಕ್ಷರದಾಗ "ರೇಸಿಗೆ ಮಾತ್ರ, ರಸ್ತೆಗೆ ಅಲ್ಲ" ಅಂತ ಬರದಿತ್ತು. ಅಂಥಾದ್ದು ಅಲ್ಲಿಯ ರಸ್ತೆಗೆ ಕಸ್ಟಮ್ಮಿನಷ್ಟ ನಿರುಪಯೋಗಿ. ಹಿಂಗಾಗಿ ನನ್ನ ಮಾತು "ಯಾವುದರ ಕಿಟ್ ತೊಗೊ" ಅಂತಲ್ಲ. "ನಂಬರ್ ಇದ್ದ ಕಿಟ್ ತೊಗೊ, ಇಲ್ಲಾಂದ್ರ ಟರ್ಬೋನ ಬ್ಯಾಡ" ಅಂತ.

ಕಸ್ಟಮ್ ಯಾರಿಗೂ ಬ್ಯಾಡ ಅಂತಲೂ ನಾ ಅನ್ನೂದಿಲ್ಲ. ರೇಸಿನ ಟ್ರ್ಯಾಕಿನ್ಯಾಗ ಅಷ್ಟ ಓಡಸೋ ಕಾರು, ಟ್ರೇಲರ್ ಮ್ಯಾಲೆ ಹೇರಿಕೊಂಡು ಒಯ್ಯೂದು, ಎಂಜಿನ್ ಸುಟ್ರ ಇನ್ನೊಂದು ಮನ್ಯಾಗ ಇಟ್ಟಾರ, ಅವ್ರು ಮಾಡಸ್ಲಿ. ತನ್ನ ಕೈಲೆ ಬೆಸಿಗಿ ಹಾಕೋ ವಿದ್ಯಾ ಬರತಿದ್ರ, ಪಿಸ್ಟನ್ನು, ಕನೆಕ್ಟಿಂಗ್ ರಾಡು ಎಲ್ಲಾ ಗಟ್ಟಿ ಹಾಕಿ ಎಂಜಿನ್ ಮೊದಲಿಂದ ಕಟ್ಟತಿದ್ರ, ಮಾಡ್ಲಿ. ಯಾವ ಕಾರಿಗೆ ಯಾರೂ ಕಿಟ್ಟನ ಮಾಡಿಲ್ಲೋ ಅದಕ್ಕ ಬ್ಯಾರೆ ದಾರಿ ಇಲ್ಲ. ಅವರೆಲ್ಲಾ ನನ್ನ ಮೂರು ಮಾತಿಗೆ ಕೂಡ್ತಾರ: ಮಾಡೋವ್ರು ಕೈಗೆ ಸಿಗ್ತಾರ, ತಿದ್ದಲಿಕ್ಕೆ ಬರ್ತದ, ಕೆಟ್ರ ತಡ್ಕೋತಾರ. ದಿನಾ ಮುಂಜಾನೆ ಅದ ಕಾರಿನ್ಯಾಗ ನೌಕರಿಗೆ ಹೋಗೋ ನಮ್ಮ ಹುಡುಗ ಒಂದಕ್ಕೂ ಕೂಡೂದಿಲ್ಲ.

ಮಾಮಾ, ಈಗ ನಿಮ್ಮ ಪಾಳಿ.

"ಗಾಡಿ ವಿಷಯದಾಗ ಹೆಂಗಸರು ಬಾಯಿ ಹಾಕಬಾರದು" ಅಂದ್ರಿ. ಸರಿ. ಹಂಗಾರ ಗಾಡಿ ಖರ್ಚು ಬಂದಾಗ ಹೆಂಗಸರ ಪರ್ಸಿಗೂ ಕೈ ಹಾಕಬಾರದು. ಆ 7,500 ಡಾಲರ್ ಎಲ್ಲಿಂದ ಬರೋದಿತ್ತು ಅಂತ ನಿಮಗ ಗೊತ್ತಿಲ್ಲ, ಹೇಳ್ತೀನಿ. ನಮ್ಮ ಸೊಸಿ ಎರಡು ವರ್ಷದಿಂದ ತನ್ನ ಪಗಾರದಾಗ ತಗದಿಟ್ಟ ರೊಕ್ಕ ಅದು. ಅಕಿ ತೀರಿಕೊಂಡ ತನ್ನ ತಂದಿಯ ಹಳೇ ಮನಿ ಛತ್ತು ಸೋರ್ತದಂತ, ಅವ್ವ ಒಬ್ಬಾಕಿನ ಅಲ್ಲೆ ಇರ್ತಾಳಂತ, ಅದನ್ನ ರಿಪೇರಿ ಮಾಡ್ಸಲಿಕ್ಕೆ ಅಂತ ಇಟ್ಟಿದ್ಲು. "ಮುಂದಿನ ವರ್ಷ ನಾ ತುಂಬಿ ಕೊಡ್ತೀನಿ" ಅಂದಿದ್ನಂತ ನನ್ನ ಮಗಾ. ಅಕಿ ಬ್ಯಾಡ ಅನ್ನಲಿಲ್ಲ. ಒಂದ ಒಂದು ಪ್ರಶ್ನೆ ಕೇಳಿದ್ಲು: "ಎಂಜಿನ್ ಹೋದ್ರ ಯಾರು ತುಂಬಿ ಕೊಡ್ತಾರ?" ಅದಕ್ಕ ಅಂವ ಏನಂದಾ ಗೊತ್ತದೇನು? "ನಿನಗ ತಿಳಿಯೂದಿಲ್ಲ ಬಿಡು" ಅಂದಾ. ನನ್ನ ಎದುರಿಗೇ.

ನಾ ಅವತ್ತು ಭಕ್ರಿ ಬಡೀತಿದ್ದೆ. ಕೈ ನಿಂತು. ಯಾಕಂದ್ರ ಆ ಮಾತು ನಂದು. ಅಂದ್ರ ನಾನೂ ಕೇಳಿಸಿಕೊಂಡಿದ್ದು. ಮೂವತ್ತು ವರ್ಷದ ಹಿಂದ ನಮ್ಮ ಮನಿಯವ್ರು ಒಂದು ಚಿಟ್ ಫಂಡಿನ್ಯಾಗ ರೊಕ್ಕ ಹಾಕೋ ಮುಂದ ನಾ ಕೇಳಿದ್ದೆ, "ಅವ್ರು ಓಡಿಹೋದ್ರ ಯಾರನ್ನ ಹಿಡಿಯೂದು?" ಅಂತ. ನನಗೂ ಅದ ಉತ್ತರ ಸಿಕ್ಕಿತ್ತು. ಅವ್ರು ಓಡಿಹೋದ್ರು. ನನ್ನ ಎರಡು ಬಿಲ್ವಾರ ಅವರ ಹಿಂದ ಓಡಿದ್ವು. ಅವತ್ತು ನನ್ನ ಅತ್ತಿಯವರು ಅಲ್ಲೇ ಕೂತಿದ್ರು, ಎಲ್ಲಾ ತಿಳಿದಿತ್ತು, ಒಂದು ಮಾತಾಡಲಿಲ್ಲ. ನಾ ಹಂಗ ಕೂಡಲಿಕ್ಕೆ ತಯಾರಿರಲಿಲ್ಲ.

ಹಿಟ್ಟಿನ ಕೈಲೇ ಹೋಗಿ ಮಗನ ಮುಂದ ಕೂತೆ. "ಅಕಿ ಕೇಳಿದ್ದು ನಿನ್ನ ಟರ್ಬೋದ ಇಡೀ ಪುರಾಣದಾಗ ಎಲ್ಲಾಕಿಂತ ದೊಡ್ಡ ಪ್ರಶ್ನೆ. ಅದಕ್ಕ ಉತ್ತರಾ ಇಲ್ಲದಾಂವ ತಿಳಿಯದಾಂವ, ಕೇಳಿದಾಕಿ ಅಲ್ಲ" ಅಂದೆ. ಅಂವ ಸುಮ್ನಾದಾ. ಗಾಡಿ ವಿಷಯದಾಗ ನಾ ಹಾಕಿದ ಬಾಯಿ ಇಷ್ಟ, ಮಾಮಾ. ನಿಮಗ ಇದು ಹೆಚ್ಚಾತಂದ್ರ ನಾ ಇನ್ನೂ ಸ್ವಲ್ಪ ಹೆಚ್ಚ ಹಾಕಾಕಿ.

ಅಕ್ಕಂದಿರ್ಯಾ, ತಂಗ್ಯಾರ್ಯಾ, ನಿಮ್ಮ ಮನಿಯೊಳಗ ಟರ್ಬೋ ಬರಲಿಕ್ಕಿಲ್ಲ. ಆದ್ರ ಇಂಥಾದ್ದು ಏನರ ಬಂದ ಬರ್ತದ. ಅವತ್ತು ಸೊಸಿ, ನಾನು ಕೂಡಿ ಒಂದು ಚೀಟಿ ಮ್ಯಾಲೆ ಬರದು ಫ್ರಿಜ್ಜಿಗೆ ಅಂಟಿಸಿದ್ವಿ, ಅದನ್ನ ನಿಮಗೂ ಕೊಡ್ತೀನಿ. ಒಂದನೇದು, ಇದಕ್ಕ ಸರ್ಕಾರದ ನಂಬರ್ ಅದ ಏನು, ನಮ್ಮ ಕಾರಿನ ಇಸವಿಗೆ ಕೂಡ್ತದ ಏನು? ಎರಡನೇದು, "ಸುಮಾರು" ಅಲ್ಲದ ಪೂರಾ ಲೆಕ್ಕ ಕಾಗದದ ಮ್ಯಾಲೆ ಎಲ್ಲೆ ಅದ, ಕ್ಲಚ್ಚು, ತಂಪು ಮಾಡೋ ಸಾಮಾನು, ಡೈನೋ ಎಲ್ಲಾ ಹಿಡದು? ಮೂರನೇದು, ಕೆಟ್ರ ಯಾರು ತಿದ್ದಿ ಕೊಡ್ತಾರ, ಅವರ ಸಹಿ ಎಲ್ಲೆ? ನಾಲ್ಕನೇದು, ಇನ್ಶುರನ್ಸಿನವ್ರಿಗೆ ಹೇಳಿ ಹಾಕ್ಸೋದೋ, ಹೇಳದ? ಐದನೇದು, ಗಾಡಿ ಗ್ಯಾರೇಜಿನ್ಯಾಗ ಕೂತಷ್ಟು ದಿನ ನೌಕರಿಗೆ ಹೆಂಗ ಹೋಗೋದು? ಐದಕ್ಕೂ ಉತ್ತರಾ ಬಂದ್ರ ಹಾಕಸ್ಲಿ, ನಾನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೀತೀನಿ. ಒಂದಕ್ಕ ಬರದಿದ್ರೂ ಬ್ಯಾಡ.

ಇದು ಅಮೇರಿಕಾದ ಉಸಾಬರಿ ಅಂತ ಹುಬ್ಬಳ್ಳಿಯವ್ರು ಕೈ ಝಾಡಿಸ್ಬ್ಯಾಡ್ರಿ. ಮಾಮಾ, ನಿಮ್ಮ ಮೊಮ್ಮಗಾ ತನ್ನ ಹ್ಯಾಚ್‌ಬ್ಯಾಕಿಗೆ ಟರ್ಬೋ ಹಾಕ್ಸಲಿಕ್ಕೆ ಬೆಂಗಳೂರಿನ ಗ್ಯಾರೇಜ್ ಹುಡುಕಲಿಕ್ಕತ್ತಾನ ಅಂತ ನನ್ನ ಕಿವಿಗೂ ಬಿದ್ದದ. ನಮ್ಮ ಮೋಟಾರು ವಾಹನ ಕಾಯ್ದೆ 1988ರದು. ಅದರ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕ ಬ್ಯಾರೆ ಆಗೂವಂಗ ಗಾಡಿ ಬದಲಿ ಮಾಡಲಿಕ್ಕೆ ಬರೂದಿಲ್ಲ. 2019ರ ಜನವರಿಯೊಳಗ ಸುಪ್ರೀಂ ಕೋರ್ಟು ಇದನ್ನ ಸ್ಪಷ್ಟ ಹೇಳೇದ. ಅದ ವರ್ಷದ ತಿದ್ದುಪಡಿ ಆದ ಮ್ಯಾಲೆ, ಕಾಯ್ದೆ ಒಪ್ಪದ ಒಂದೊಂದು ಬದಲಾವಣಿಗೂ ಗಾಡಿ ಮಾಲಕಗ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಟರ್ಬೋನ ಬೇಕಂದ್ರ ಈಗ ಸಣ್ಣ ಸಣ್ಣ ಕಾರೂ ಕಂಪನಿಯಿಂದನ ಟರ್ಬೋ ಹಚ್ಚಿಕೊಂಡು ಬರ್ತಾವ, ವಾರಂಟಿ ಸಹಿತ. ಅಂಥಾದ್ದೊಂದು ಕೊಡಸ್ರಿ. ಆ ಗಾಡಿ ನಿಮ್ಮ ಹೆಸರಿಗೆ ಅದ ಅಂತ ನೆನಪಿರ್ಲಿ.

ಸ್ಯಾನ್ ಹೋಸೆಯೊಳಗ ಕಡೀಕ ಏನಾತು ಅಂತ ಕೇಳ್ತೀರಿ. ಮಗಾ ಕಿಟ್ ಮಾಡೋವ್ರಿಗೆ ಇಮೇಲ್ ಹಾಕ್ಯಾನ, 2001ರ ಮಿಯಾಟಾಕ್ಕ ನಂಬರ್ ಅದ ಏನು ಅಂತ. ನಾ ಬರೋತನಾ ಉತ್ತರ ಬಂದಿರಲಿಲ್ಲ. ಗ್ಯಾರೇಜಿನಾಂವಗ ಸಹಿ ಮಾಡಿದ ಲೆಕ್ಕ ಕೇಳಿದ್ದಕ್ಕ ಅಂವ ಫೋನ್ ಎತ್ತೂದ ಬಿಟ್ಟಾನಂತ. ರೊಕ್ಕ ಸೊಸಿ ಖಾತೆದಾಗ ಅದ. ಛತ್ತಿನ ಕೆಲಸಕ್ಕ ಗೌಂಡಿಗೆ ಮುಂಗಡ ಕೊಟ್ಟೇವಿ ಅಂತ ಬೀಗತಿ ನಿನ್ನೆ ಫೋನ್ ಮಾಡಿದ್ರು. ಕಾರು ಇನ್ನೂ 142ರ ಮ್ಯಾಲೆನ ಓಡ್ಲಿಕ್ಕತ್ತದ, ಮುಂಜಾನೆ ಸರಿಯಾದ ಹೊತ್ತಿಗೆ ಅವನ್ನ ಆಫೀಸಿಗೆ ಮುಟ್ಟಸ್ಲಿಕ್ಕತ್ತದ.

ವೈನೀ, ಮುಂದಿನ ತಿಂಗಳು ಮಸಾಲಿ ಖಾರ ಕುಟ್ಟಸೋದದ. ಬ್ಯಾಡಗಿ ಮೆಣಸಿನಕಾಯಿ ನೀವ ಆರಿಸಿ ತರ್ರಿ, ಪ್ಯಾಕೆಟ್ಟಿಂದು ಬ್ಯಾಡ. ಬರೋ ಮುಂದ ನಿಮ್ಮ ಹಳೇ ಕುಕ್ಕರೂ ತೊಗೊಂಡು ಬರ್ರಿ, ಅದರ ಸೇಫ್ಟಿ ವಾಲ್ವ್ ಬದಲಿ ಮಾಡಿ ಎಷ್ಟ ವರ್ಷಾತು ನೋಡೋಣಂತ. ಕಂಪನೀದ ಹಾಕಸೋಣ.